ಬಿಗಿದ ಮುಷ್ಟಿಯೆಲ್ಲ ಹೋರಾಟದ ಮುಷ್ಟಿಯಲ್ಲ



ಹೋದ ಭಾನುವಾರ ನಮ್ಮ ತಾಲೂಕು ಸಮಿತಿ ಸಭೆ ಇತ್ತು. ಚರ್ಚೆ ಕಾವೇರಿತ್ತು. ಐದು ಮುಕ್ಕಾಲಿಗೆ ನಾನು ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಎದ್ದೆ. ಗೆಳೆಯನೊಬ್ಬ ಮೈಕಲ್ಲೇ ಅಂದ: "ನಮ್ಮಣ್ಣ ಈಗ ಚಳವಳಿ ಬಿಟ್ಟು ಫಿಜಿಯೋಥೆರಪಿ ಮಾಡ್ತಾವ್ರೆ." ಎಲ್ಲರೂ ನಕ್ಕರು, ನಾನೂ ನಕ್ಕೆ. ಬೈಕ್ ಸ್ಟಾರ್ಟ್ ಮಾಡಿ ಅರ್ಧ ದಾರಿ ಬಂದ ಮೇಲೆ ಮಾತ್ರ ಆ ಮಾತು ಎದೇಲಿ ಮುಳ್ಳಿನ ಥರ ಉಳೀತು. ಆ ಹುಡುಗನ ಮೇಲೆ ಸಿಟ್ಟಿಲ್ಲ. ಮೂರು ವರ್ಷದ ಹಿಂದೆ ಬೇರೆ ಯಾರಾದರೂ ಹಂಗೆ ಎದ್ದು ಹೋಗಿದ್ದರೆ ಆ ಜೋಕನ್ನು ನಾನೇ ಮಾಡ್ತಿದ್ದೆ. ಅದಕ್ಕೇ ಇದನ್ನು ಬರೀತಿದ್ದೀನಿ. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನನ್ನ ತಮ್ಮ ಪೇಂಟರ್. ಬೆಂಗಳೂರಲ್ಲಿ ಒಂದು ಕಟ್ಟಡಕ್ಕೆ ಹೊರಗಡೆ ಬಣ್ಣ ಹೊಡೀತಿದ್ದಾಗ ಸಾರುವೆ ಕಟ್ಟಿದ್ದ ಹಗ್ಗ ಬಿಚ್ಚಿಕೊಂಡು ಎರಡನೇ ಮಹಡಿಯಿಂದ ಬಿದ್ದ. ಸೊಂಟಕ್ಕೆ ಬೆಲ್ಟ್ ಇಲ್ಲ, ತಲೆಗೆ ಹೆಲ್ಮೆಟ್ ಇಲ್ಲ. ಆಗ ಅವನಿಗೆ 34 ವರ್ಷ. ತಲೆಬುರುಡೆ ತೆಗೆದು ಆಪರೇಷನ್ ಮಾಡಿದರು. 19 ದಿನ ಐಸಿಯು, ಗಂಟಲಲ್ಲಿ ತೂತು, ಮೂಗಲ್ಲಿ ಪೈಪು. ಮೇಸ್ತ್ರಿ ಇಪ್ಪತ್ತು ಸಾವಿರ ಕೊಟ್ಟು ಫೋನ್ ನಂಬರ್ ಬದಲಾಯಿಸಿಕೊಂಡ. ಪರಿಹಾರದ ಕೇಸು ಇನ್ನೂ ನಡೀತಿದೆ. ಅದರ ಕಥೆ ಇನ್ನೊಂದು ದಿನ ಬರೀತೀನಿ.

ಜೀವ ಉಳೀತು. ಉಳಿಸಿದ ಡಾಕ್ಟರುಗಳಿಗೆ ಇವತ್ತಿಗೂ ಕೈ ಮುಗೀತೀನಿ. 47ನೇ ದಿನ ಡಿಸ್ಚಾರ್ಜ್ ಮಾಡಿದರು. ಚೀಟಿಯ ಕೊನೇ ಸಾಲಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು, ಮನೆಯಲ್ಲಿ ಫಿಜಿಯೋಥೆರಪಿ ಮುಂದುವರಿಸಿ ಅಂತ. ಅಷ್ಟೇ. ಯಾರು ಮಾಡಬೇಕು, ಹೆಂಗೆ ಮಾಡಬೇಕು, ದಿನಕ್ಕೆ ಎಷ್ಟು ಸಲ, ಏನು ಮಾಡಬಾರದು, ಒಬ್ಬರೂ ತೋರಿಸಲಿಲ್ಲ. ಆಪರೇಷನ್ ಖರ್ಚಿಗೆ ಸರ್ಕಾರದ ಕಾರ್ಡ್ ಆಗಿಬಂತು. ಆ ಒಂದು ಸಾಲಿನ ಖರ್ಚು ಮಾತ್ರ ನಮ್ಮ ಮನೆ ಮೇಲೆ ಬಿತ್ತು, ಇವತ್ತಿಗೂ ಬೀಳ್ತಾನೇ ಇದೆ.

ಊರಿಗೆ ಬಂದ ಎರಡು ಮೂರು ವಾರಕ್ಕೆ ಒಂದು ಬೆಳಿಗ್ಗೆ ಅವ್ವ ಕೂಗಿಕೊಂಡಳು: "ನನ್ ಮಗ ಕೈ ಹಿಡ್ಕೊಂಡ ಕಣಪ್ಪ! ಬಾ ನೋಡ್ಬಾ!" ಹೋಗಿ ನೋಡಿದರೆ ಅವನ ಬಲಗೈ ಅವ್ವನ ಬೆರಳನ್ನು ಗಟ್ಟಿಯಾಗಿ ಹಿಡಿದಿತ್ತು. ಅವ್ವ ಅಳ್ತಿದ್ದಳು. ಶಕ್ತಿ ಬಂತು ಅಂತ ನಾವೆಲ್ಲ ಅಂದುಕೊಂಡೆವು. ನಾನು ಅವನ ಮುಷ್ಟಿಯ ಫೋಟೋ ತೆಗೆದು ನಮ್ಮ ಗ್ರೂಪಿಗೆ ಹಾಕಿದೆ, ನೀಲಿ ಹಾರ್ಟ್ ಜೊತೆ. "ಹೋರಾಟದ ಮುಷ್ಟಿ" ಅಂತ ನೀವೇ ಎಷ್ಟೋ ಜನ ಕಾಮೆಂಟ್ ಮಾಡಿದ್ರಿ.

ಅದು ಶಕ್ತಿ ಅಲ್ಲ ಬಂಧುಗಳೇ. ಅದಕ್ಕೆ ಸ್ಪಾಸ್ಟಿಸಿಟಿ ಅಂತಾರೆ. ನಮ್ಮ ಕಡೆ ಮಾತಲ್ಲಿ ಹೇಳೋದಾದರೆ ಸೆಟೆದುಕೊಳ್ಳೋದು.

ನಾನು ಗುಮಾಸ್ತ, ಡಾಕ್ಟರ್ ಅಲ್ಲ. ನನಗೆ ಅರ್ಥ ಆಗಿದ್ದು ಕಚೇರಿ ಭಾಷೇಲಿ. ಸ್ನಾಯುವನ್ನು ಎಳೆದರೆ ಅದು ವಾಪಸ್ ಬಿಗೀಬೇಕು ಅನ್ನೋ ಹುಕುಂ ಬೆನ್ನುಹುರಿ ಮಟ್ಟದಲ್ಲೇ ಇದೆ, ಕೆಳಗಿನ ಕಚೇರಿ ಆದೇಶದ ಥರ. "ಇಷ್ಟು ಸಾಕು, ಬಿಡು" ಅಂತ ತಡೆಯೋ ಮೇಲಧಿಕಾರಿ ಮೆದುಳು. ಮೆದುಳಿಗೆ ಪೆಟ್ಟು ಬಿದ್ದರೆ ಆ ತಡೆ ಬರೋ ದಾರಿ ಕಡಿದುಹೋಗುತ್ತೆ. ಕೆಳಗಿನ ಕಚೇರಿ ಮಾತ್ರ ತನ್ನ ಪಾಡಿಗೆ ಬಿಗಿ, ಬಿಗಿ, ಬಿಗಿ ಅಂತ ಒಂದೇ ಆದೇಶ ಹೊರಡಿಸ್ತಾ ಇರುತ್ತೆ. ಮೊಣಕೈ ಮಡಚಿಕೊಳ್ಳುತ್ತೆ, ಮಣಿಕಟ್ಟು ಕೆಳಕ್ಕೆ ಬಾಗುತ್ತೆ, ಹೆಬ್ಬೆರಳು ಅಂಗೈಯೊಳಗೆ ಸೇರಿ ಮುಷ್ಟಿ ಮುಚ್ಚಿಕೊಳ್ಳುತ್ತೆ. ಕಾಲು ಕೋಲಿನ ಥರ ನೆಟ್ಟಗಾಗಿ ಪಾದ ಕೆಳಕ್ಕೂ ಒಳಕ್ಕೂ ತಿರುಗುತ್ತೆ. ಜೋರಾಗಿ ಎಳೆದಷ್ಟೂ ಅದು ಜೋರಾಗಿ ಬಿಗಿಯುತ್ತೆ. ನಿಧಾನಕ್ಕೆ ಹೋದರೆ ಮಾತ್ರ ದಾರಿ ಬಿಡುತ್ತೆ. ಈ ಒಂದು ವಿಷಯ ಮೊದಲ ದಿನವೇ ಗೊತ್ತಾಗಿದ್ದರೆ ನಮ್ಮ ಮನೆ ಕಥೆ ಬೇರೆ ಆಗ್ತಿತ್ತು.

ಗೊತ್ತಿರಲಿಲ್ಲ. ಅದಕ್ಕೆ ಏನೇನು ಮಾಡಿದೆವು ಅಂತ ನಾಚಿಕೆ ಬಿಟ್ಟು ಹೇಳ್ತೀನಿ. ಯಾರೋ ಗಾಳಿ ಸೋಕಿದೆ ಅಂದರು. ಮೂಢನಂಬಿಕೆ ವಿರುದ್ಧ ಇಪ್ಪತ್ತು ವರ್ಷದಿಂದ ಭಾಷಣ ಮಾಡ್ಕೊಂಡು ಬಂದವನ ಮನೇಲಿ, ಅವನ ತಮ್ಮನ ರಟ್ಟೆಗೆ ತಾಯತ ಬಂತು. ನೋಡಿಯೂ ನೋಡದಂಗಿದ್ದೆ. ಆಮೇಲೆ ನರ ಎಳೆಯೋರು ಅಂತ ಒಬ್ಬರನ್ನು ಕರೆಸಿದೆವು. ಅವರು ಹರಳೆಣ್ಣೆ ಹಾಕಿ ಮೊಣಕೈಯನ್ನು ಬಲವಾಗಿ ಎಳೆದರು. ಮಾತು ಬಾರದ ನನ್ನ ತಮ್ಮನ ಗಂಟಲಿಂದ ಬಂದ ಸದ್ದು ಈಗಲೂ ಕಿವೀಲಿದೆ. ಮಾರನೇ ದಿನ ಮೊಣಕೈ ಊದಿ ಬಿಸಿಯಾಗಿತ್ತು. ಬಿಸಿ ಉಪ್ಪಿನ ಗಂಟಲ್ಲಿ ಶಾಖ ಕೊಟ್ಟೆವು. ಬಿಸಿ ಜಾಸ್ತಿ ಆಯ್ತು ಅಂತ ಹೇಳೋಕೆ ಅವನಿಗೆ ಮಾತಿಲ್ಲ, ಚರ್ಮಕ್ಕೂ ಸರಿಯಾಗಿ ಗೊತ್ತಾಗ್ತಿರಲಿಲ್ಲ. ತೊಡೆ ಮೇಲೆ ಬೊಬ್ಬೆ ಬಂತು. ಆ ಕಲೆ ಈಗಲೂ ಇದೆ.

ನಡುವೆ ಪಕ್ಕದ ಪಟ್ಟಣದಿಂದ ಒಬ್ಬರು ಫಿಜಿಯೋಥೆರಪಿಸ್ಟ್ ಮನೆಗೆ ಬರೋಕೆ ಒಪ್ಪಿದ್ದರು. ಎರಡು ದಿನ ಬಂದರು. ಕೇರಿ ಒಳಗೆ ಕಾರು ಹೋಗಲ್ಲ, ಕೊನೇಲಿ ನಡೀಬೇಕು. ಕೊಟ್ಟ ನೀರು ಹಂಗೇ ಇತ್ತು. ಮೂರನೇ ದಿನದಿಂದ ಫೋನ್ ಎತ್ತಲಿಲ್ಲ. ಜಾತಿಯೋ, ದೂರವೋ, ನಾವು ಕೊಡೋ ದುಡ್ಡು ಕಮ್ಮಿ ಆಯ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಜನಕ್ಕೆ ಈ ಗೊತ್ತಿಲ್ಲದೇ ಇರೋದೇ ಒಂದು ಶಿಕ್ಷೆ. ಬೇರೆಯವರಿಗೆ ಒಬ್ಬರು ಬರದೇ ಹೋದರೆ ಬರಲಿಲ್ಲ ಅಷ್ಟೇ. ನಾವು ಮಾತ್ರ ರಾತ್ರಿಯೆಲ್ಲ ಕೂತು ಯಾಕೆ ಅಂತ ಲೆಕ್ಕ ಹಾಕಬೇಕು.

ಕೊನೆಗೆ ಕಲಿಸಿದ್ದು ಸರ್ಕಾರಿ ಆಸ್ಪತ್ರೆಯ ಒಬ್ಬಳು ಚಿಕ್ಕ ಹುಡುಗಿ. ಹೊಸದಾಗಿ ಕೆಲಸಕ್ಕೆ ಸೇರಿದ್ದವಳು. ಆ ತಾಯಿ ನಮ್ಮನ್ನು ಬೈಯಲಿಲ್ಲ. ತಮ್ಮನ ಹೆಂಡತಿ ಕೈ ಮೇಲೆ ತನ್ನ ಕೈ ಇಟ್ಟು ಹೇಳಿಕೊಟ್ಟಳು. ಅವಳಿಂದ ನಾವು ಕಲಿತದ್ದನ್ನು ಇಲ್ಲಿ ಬರೀತೀನಿ. ಪ್ರತಿ ಊರಲ್ಲೂ ಇಂಥ ಒಂದು ಮನೆ ಇದೆ. ಬೈಕ್ ಆಕ್ಸಿಡೆಂಟ್, ಕಟ್ಟಡದಿಂದ ಬಿದ್ದದ್ದು, ತೆಂಗಿನ ಮರದಿಂದ ಬಿದ್ದದ್ದು. ಅವರಿಗೆ ತಲುಪಿಸಿ. ಆದರೆ ನಿಮ್ಮವರ ಮೈ ನೋಡಿ ಒಬ್ಬ ಫಿಜಿಯೋಥೆರಪಿಸ್ಟ್ ಒಂದು ಸಲವಾದರೂ ಕೈಹಿಡಿದು ತೋರಿಸಬೇಕು. ಪೋಸ್ಟ್ ಓದಿ ಮಾಡೋ ಕೆಲಸ ಅಲ್ಲ ಇದು.

ಮುಚ್ಚಿದ ಮುಷ್ಟಿ ಬಿಡಿಸೋದು: ಬೆರಳ ತುದಿ ಹಿಡಿದು ಎಳೆಯಬೇಡಿ. ಮೊದಲು ಮಣಿಕಟ್ಟನ್ನು ಇನ್ನೂ ಸ್ವಲ್ಪ ಕೆಳಕ್ಕೆ ಬಾಗಿಸಿ. ಬೆರಳು ತಾನೇ ಸಡಿಲ ಆಗುತ್ತೆ. ಆಮೇಲೆ ಹೆಬ್ಬೆರಳನ್ನು ಅದರ ಬುಡದಲ್ಲಿ ಹಿಡಿದು ಹೊರಕ್ಕೆ ತನ್ನಿ, ತುದಿ ಮುಟ್ಟಬೇಡಿ. ಆಮೇಲೆ ಉಳಿದ ಬೆರಳು. ಎಲ್ಲ ಬಿಚ್ಚಿದ ಮೇಲೆ ನಿಧಾನವಾಗಿ ಮಣಿಕಟ್ಟನ್ನು ಮೇಲಕ್ಕೆ. ಅಂಗೈ ತೊಳೆದು ಒರೆಸಿ, ಉಗುರು ಕತ್ತರಿಸಿ. ಮುಚ್ಚಿದ ಅಂಗೈಯೊಳಗೆ ಬೆವರು ನಿಂತು ಚರ್ಮ ಕೊಳೆಯುತ್ತೆ, ಉಗುರು ಚುಚ್ಚಿ ಗಾಯ ಆಗುತ್ತೆ.

ಮೊಣಕೈ, ಮೊಣಕಾಲು, ಪಾದ: ನಿಧಾನಕ್ಕೆ ಬಿಡಿಸಿ, ತಡೆ ಸಿಕ್ಕಿದ ಕಡೆ ನಿಂತು, ಅರ್ಧ ನಿಮಿಷ ಒಂದು ನಿಮಿಷ ಹಿಡಿದು ಕಾಯಬೇಕು. ಬಿಗಿತ ಕರಗಿದಂಗೆ ಕೈಗೆ ಗೊತ್ತಾಗುತ್ತೆ. ಆಗ ಇನ್ನೊಂದು ಚೂರು. ಎತ್ತುವಾಗ ತೋಳು ಹಿಡಿದು ಜಗ್ಗಲೇಬಾರದು, ಭುಜ ಜಾರುತ್ತೆ. ಕೀಲು ಊದಿ ಬಿಸಿಯಾದರೆ ಎಳೆಯೋದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ತಲೆಗೆ ಪೆಟ್ಟು ಬಿದ್ದವರಿಗೆ ಕೀಲಿನ ಸುತ್ತ ಹೊಸ ಮೂಳೆ ಬೆಳೆಯೋದೂ ಉಂಟಂತೆ.

ಉಳಿದ 23 ಗಂಟೆ: ಆ ಹುಡುಗಿ ಹೇಳಿದ ದೊಡ್ಡ ಮಾತು ಇದು. "ದಿನಕ್ಕೆ ಒಂದು ಗಂಟೆ ಎಕ್ಸರ್‌ಸೈಜ್ ಮಾಡಿಸಿ ಉಳಿದ 23 ಗಂಟೆ ಹೆಂಗ್ ಬೇಕೋ ಹಂಗೆ ಮಲಗಿಸಿದ್ರೆ ಏನೂ ಪ್ರಯೋಜನ ಇಲ್ಲ ಅಂಕಲ್." ಮಗ್ಗುಲಾಗಿ ಮಲಗಿಸಿ ಎರಡು ಮಂಡಿ ನಡುವೆ ದಿಂಬು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣು. ಅಂಗೈಗೂ ಪಾದಕ್ಕೂ ಸ್ಪ್ಲಿಂಟ್. ಕೂರಿಸುವಾಗ ಸೊಂಟ ಹಿಂದಕ್ಕೆ ಒತ್ತಿ, ಪಾದ ಪೂರ್ತಿ ಊರಿ. ನಮಗೆ ವೀಲ್‌ಚೇರ್ ಸಿಗೋವರೆಗೂ ಹಳೇ ಪ್ಲಾಸ್ಟಿಕ್ ಕುರ್ಚಿಗೆ ಗೋಣಿಚೀಲ ಮಡಚಿ, ಕಾಲ ಕೆಳಗೆ ಎರಡು ಇಟ್ಟಿಗೆ ಇಟ್ಟು ಕೂರಿಸಿದ್ದೀವಿ.

ಇದ್ದಕ್ಕಿದ್ದಂಗೆ ಬಿಗಿತ ಜಾಸ್ತಿ ಆದರೆ: ಮೈ ಏನೋ ಹೇಳ್ತಿದೆ ಅಂತ ಅರ್ಥ. ಮೂತ್ರದ ಸೋಂಕು, ತುಂಬಿದ ಮೂತ್ರಕೋಶ, ಮಲಬದ್ಧತೆ, ಬೆನ್ನುಹುಣ್ಣು, ಮಾಂಸದೊಳಗೆ ಬೆಳೆದ ಉಗುರು, ಬಿಗಿ ಬಟ್ಟೆ, ಜ್ವರ, ಚಳಿ. ಒಂದು ಸಲ ನನ್ನ ತಮ್ಮ ಎರಡು ದಿನ ಬಿಲ್ಲಿನ ಥರ ಬಾಗಿಕೊಂಡಿದ್ದ. ಮಾತ್ರೆ ಜಾಸ್ತಿ ಮಾಡಬೇಕು ಅಂದುಕೊಂಡೆವು. ನೋಡಿದರೆ ನಾಲ್ಕು ದಿನದಿಂದ ಹೊಟ್ಟೆ ಕಟ್ಟಿತ್ತು. ನೋವು ಅಂತ ಹೇಳೋಕೆ ಬಾಯಿಲ್ಲದವನ ಅರ್ಜಿ ಅದು. ಓದೋಕೆ ನಮಗೆ ಬರಬೇಕು.

ಇಷ್ಟೆಲ್ಲ ಮಾಡಿದರೆ ಸರಿಹೋಗುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ. ಬಿಗಿತ ಇರುವಾಗಲೇ ನೋಡ್ಕೊಳ್ಳದಿದ್ದರೆ ಸ್ನಾಯುವೂ ಸ್ನಾಯುರಜ್ಜುವೂ ನಿಜವಾಗಿ ಮೋಟಾಗಿಬಿಡುತ್ತೆ. ಅದಕ್ಕೆ ಕಾಂಟ್ರಾಕ್ಚರ್ ಅಂತಾರೆ. ಆಮೇಲೆ ಮಾತ್ರೆಗೂ ಬಗ್ಗಲ್ಲ. ಹಂತಹಂತವಾಗಿ ಪಟ್ಟಿ ಹಾಕಬೇಕು, ಇಲ್ಲಾ ಆಪರೇಷನ್ನೇ ಆಗಬೇಕು. ನನ್ನ ತಮ್ಮನ ಬಲ ಪಾದ ಹಂಗಾಗಿದೆ. ಹಿಮ್ಮಡಿ ನೆಲ ಮುಟ್ಟಲ್ಲ. ಮೊದಲ ನಾಲ್ಕು ತಿಂಗಳು ಕಳಕೊಂಡದ್ದಕ್ಕೆ ನಾವು ಕಟ್ಟಿದ ದಂಡ ಅದು.

ಎಲ್ಲಾ ಬಿಗಿತವೂ ಶತ್ರು ಅಲ್ಲ ಅನ್ನೋದನ್ನೂ ಕಲಿತೆವು. ಅವನ ಎಡಗಾಲಿನ ಆ ಕೋಲಿನಂಥ ಬಿಗಿತದ ಮೇಲೇ ಭಾರ ಹಾಕಿ ಮಂಚದಿಂದ ಕುರ್ಚಿಗೆ ತಿರುಗಿಸ್ತೀವಿ. ಅದನ್ನು ಪೂರ್ತಿ ಸಡಿಲ ಮಾಡಿದರೆ ಅವನನ್ನು ಹೊತ್ತುಕೊಂಡೇ ಹೋಗಬೇಕಾಗುತ್ತೆ.

ಇನ್ನು ಮಾತ್ರೆ. ಬ್ಯಾಕ್ಲೋಫೆನ್ ಅಂತ ಕೊಟ್ಟಿದ್ದಾರೆ. ಸ್ವಲ್ಪ ತೂಕಡಿಕೆ ತರುತ್ತೆ, ಬಿಗಿತ ಇಳಿಸುತ್ತೆ. ನನ್ನ ಜೀವನದ ಕೆಟ್ಟ ತಪ್ಪು ಈ ಮಾತ್ರೆಗೆ ಸೇರಿದ್ದು. ಮಾತ್ರೆ ತರೋ ಕೆಲಸ ನನ್ನದು. ಆ ವಾರ ಬೆಂಗಳೂರಲ್ಲಿ ರಾಜ್ಯ ಮಟ್ಟದ ಸಮಾವೇಶ. ಬಸ್ಸು, ಬ್ಯಾನರ್, ಊಟದ ವ್ಯವಸ್ಥೆ ಎಲ್ಲಾ ನನ್ನ ತಲೆ ಮೇಲೆ. ಮಾತ್ರೆ ಖಾಲಿ ಆಗಿದೆ ಅಂತ ತಮ್ಮನ ಹೆಂಡತಿ ಎರಡು ಸಲ ಫೋನ್ ಮಾಡಿದ್ದಳು. "ನಾಳೆ ತರ್ತೀನಿ ಬಿಡಮ್ಮ" ಅಂದೆ. ಮೂರನೇ ದಿನ ನಾನು ವೇದಿಕೆ ಮೇಲೆ ಕಾರ್ಮಿಕರ ಹಕ್ಕಿನ ಬಗ್ಗೆ ಮಾತಾಡ್ತಿರಬೇಕಾದ್ರೆ ಮನೇಲಿ ಅವನಿಗೆ ಫಿಟ್ಸ್ ಬಂದಿತ್ತು. ಕಣ್ಣೆದುರು ಇಲ್ಲದ್ದನ್ನು ನೋಡಿ ಹೆದರ್ತಿದ್ದನಂತೆ. ಬ್ಯಾಕ್ಲೋಫೆನ್ನನ್ನು ಒಂದೇ ಸಲ ನಿಲ್ಲಿಸಬಾರದು, ನಿಲ್ಲಿಸೋದಾದರೆ ಡಾಕ್ಟರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು ಅಂತ ಆಸ್ಪತ್ರೇಲಿ ಬೈದು ಹೇಳಿದರು. ತಮ್ಮನ ಹೆಂಡತಿ ಒಂದೇ ಒಂದು ಮಾತು ಅಂದಳು: "ನಿಮ್ ಭಾಷಣ ಚೆನ್ನಾಗಿತ್ತಂತೆ ಭಾವ. ವಾಟ್ಸಾಪಲ್ಲಿ ಬಂದಿತ್ತು."

ಆ ಮಾತಾದ ಮೇಲೆ ನಾನು ಸಂಜೆ ಆರು ಗಂಟೆಗೆ ಮನೇಲಿರ್ತೀನಿ.

ಈಗ ನಾನು ಹೇಳಬೇಕು ಅಂತ ಹೊರಟ ವಿಷಯಕ್ಕೆ ಬರ್ತೀನಿ.

ನನ್ನ ತಮ್ಮನ ಹೆಂಡತಿ ಗಾರ್ಮೆಂಟ್ಸ್ ಕೆಲಸ ಬಿಟ್ಟಳು. ಬೆಳಿಗ್ಗೆ ಐದಕ್ಕೆ ಏಳ್ತಾಳೆ. ಮಗ್ಗುಲು, ಬಟ್ಟೆ, ಸ್ನಾನ, ಗಂಜಿ, ಕೈಕಾಲು ಬಿಡಿಸೋದು, ಸ್ಪ್ಲಿಂಟ್ ಕಟ್ಟೋದು, ಬಿಚ್ಚೋದು, ಮತ್ತೆ ಮಗ್ಗುಲು. ರಾತ್ರಿ ಎರಡು ಸಲ ಏಳ್ತಾಳೆ. ಅವ್ವ ಎಪ್ಪತ್ತರ ಹತ್ತಿರ ಇದ್ದಾಳೆ, ಅವಳ ಸೊಂಟವೂ ಹೋಗಿದೆ. ಎಂಟು ವರ್ಷದ ಮಗಳು ಅಪ್ಪನ ಹೆಬ್ಬೆರಳನ್ನು ಬುಡದಿಂದ ಬಿಡಿಸೋದು ಕಲಿತಿದ್ದಾಳೆ. "ದೊಡ್ಡಪ್ಪ, ನೀನು ಅವಸರ ಮಾಡ್ತೀಯ, ಅದಕ್ಕೇ ಬಿಡಲ್ಲ" ಅಂತ ನನಗೇ ಪಾಠ ಹೇಳ್ತಾಳೆ. ಇದೆಲ್ಲ ಕೆಲಸ. ಕೂಲಿ ಇಲ್ಲ, ಭಾನುವಾರ ಇಲ್ಲ, ಹಾಜರಿ ಪುಸ್ತಕ ಇಲ್ಲ. ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲ್ಲಿನಲ್ಲಿ ಕಾರ್ಮಿಕ ಸದಸ್ಯರಾಗಿ ದುಡಿಮೆಯ ಹೊತ್ತಿಗೆ ಮಿತಿ ಹಾಕಿಸೋಕೆ ದುಡಿದರು ಅಂತ ನಾವು ಪ್ರತಿ ಮೇ ಒಂದಕ್ಕೆ ಹೇಳ್ತೀವಿ. ನಮ್ಮ ಮನೆ ಒಳಗಿನ ಹದಿನೆಂಟು ಗಂಟೆ ನಮ್ಮ ಕಣ್ಣಿಗೇ ಬಿದ್ದಿಲ್ಲ.

ಇನ್ನೊಂದು ವಿಷಯ. ಬಾಬಾಸಾಹೇಬರ ಕೊನೆಯ ವರ್ಷಗಳು ಕಾಯಿಲೆಯ ವರ್ಷಗಳು. ಮಧುಮೇಹ, ಕಾಲಿನ ನರದ ನೋವು. 1948ರ ಏಪ್ರಿಲ್ 15ರಂದು ಅವರು ಮದುವೆಯಾದ ಸವಿತಾ ಅವರು ಡಾಕ್ಟರ್. ಸಂವಿಧಾನದ ಕೆಲಸ ನಡೀತಿದ್ದ ದಿನಗಳಲ್ಲೂ, ಬುದ್ಧ ಮತ್ತು ಅವನ ಧಮ್ಮ ಬರೆದ ದಿನಗಳಲ್ಲೂ ಆರೈಕೆ ಮಾಡಿದವರು ಅವರು. ಆ ಪುಸ್ತಕಕ್ಕೆ ಬರೆದ ಮುನ್ನುಡಿಯಲ್ಲಿ ಬಾಬಾಸಾಹೇಬರು ತಮ್ಮ ಆಯಸ್ಸು ಬೆಳೆಸಿದ್ದಕ್ಕೆ ಪತ್ನಿಗೂ ಡಾ. ಮಾಲ್ವಣಕರ್ ಅವರಿಗೂ ಕೃತಜ್ಞತೆ ಹೇಳಿದ್ದರು. 1957ರಲ್ಲಿ ಪುಸ್ತಕ ಅಚ್ಚಾದಾಗ ಆ ಮುನ್ನುಡಿ ಅದರಲ್ಲಿರಲಿಲ್ಲ. ಬಾಬಾಸಾಹೇಬರು ಆರೈಕೆಯ ಋಣ ಬರೆದಿಟ್ಟರು, ಅವರ ಹಿಂದೆ ಬಂದವರು ಬಿಟ್ಟುಬಿಟ್ಟರು. ನಾವು ಇವತ್ತಿಗೂ ಬಿಡ್ತಾನೇ ಇದ್ದೀವಿ ಅಂತ ನನಗನ್ನಿಸುತ್ತೆ.

ಸರ್ಕಾರದ ವಿಷಯಕ್ಕೆ ಬರೋಣ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಓದಿ. 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ. ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು ಅಂತ ಬೇರೆ ಹೆಸರೇ ಅದರಲ್ಲಿಲ್ಲ. ಚಲನೆಯ ವೈಕಲ್ಯ ಅನ್ನೋ ತಲೆಬರಹದೊಳಗೆ ನುಗ್ಗಿಸಿ ಸರ್ಟಿಫಿಕೇಟ್ ಮಾಡಿಸಬೇಕು. ಆದರೆ ನನ್ನ ತಮ್ಮನಿಗೆ ಹೋಗಿರೋದು ಕೈಕಾಲು ಮಾತ್ರ ಅಲ್ಲ. ಮಾತು, ನೆನಪು, ನುಂಗೋದು, ಎಲ್ಲವೂ. ಅದೇ ಕಾಯಿದೆಯ 24ನೇ ಸೆಕ್ಷನ್, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡೋ ಯೋಜನೆ ಇರಬೇಕು ಅನ್ನುತ್ತೆ. 25ನೇ ಸೆಕ್ಷನ್, ಅದರಲ್ಲೂ ಹಳ್ಳಿಗಳಲ್ಲಿ, ಹತ್ತಿರದಲ್ಲೇ ಉಚಿತ ಚಿಕಿತ್ಸೆ ಅನ್ನುತ್ತೆ. 27ನೇದು ಪುನರ್ವಸತಿ ಅನ್ನುತ್ತೆ. ನಮ್ಮ ಮನೆ ಬಾಗಿಲಿಗೆ ಈ ಮೂರರಲ್ಲಿ ಒಂದೂ ಬಂದಿಲ್ಲ.

ಸರ್ಟಿಫಿಕೇಟಿಗೆ ಅಂತ ಅವನನ್ನು ನಾಲ್ಕು ಜನ ಹೊತ್ತು ಮೊದಲ ಮಹಡಿ ಹತ್ತಿಸಿದೆವು. ವಿಕಲಚೇತನರ ಸರ್ಟಿಫಿಕೇಟ್ ಕೊಡೋ ಜಾಗ ಮೊದಲ ಮಹಡೀಲಿ! ಆಮೇಲೆ ಪಿಂಚಣಿಗೆ ಅಂತ ಒಂದು ಕಚೇರಿಗೆ ಹೋದಾಗ ಹೆಬ್ಬೆಟ್ಟು ಕೇಳಿದರು. ಹೆಬ್ಬೆರಳು ಮುಷ್ಟಿಯೊಳಗಿದೆ. ಯಂತ್ರದ ಹುಡುಗ ಬೆರಳ ತುದಿ ಹಿಡಿದು ಜಗ್ಗಿದ. ತಮ್ಮ ಕಿರುಚಿದ, ಇಡೀ ಮೈ ಸೆಟೆದುಕೊಂಡಿತು. "ಬೆರಳು ಬರ್ತಿಲ್ಲ, ಇನ್ನೊಂದಿನ ಬನ್ನಿ" ಅಂದ.

ಅಲ್ಲಿ ಜಗಳ ಆಡಿ ಹೊರಗೆ ಬಂದು ನಿಂತಾಗ ನನಗೆ ಬೆವರು ಕಿತ್ತುಕೊಂಡಿತು. ಯಾಕಂದ್ರೆ ನಾನೂ ಅಂಥದ್ದೇ ಕಿಟಕಿಯ ಒಳಗಡೆ ಕೂತವನು. "ಬೆರಳು ಬರ್ತಿಲ್ಲ, ನಾಳೆ ಬನ್ನಿ" ಅನ್ನೋ ಮಾತನ್ನು ನಾನೇ ಎಷ್ಟು ಜನಕ್ಕೆ ಹೇಳಿದ್ದೀನಿ. ಲಕ್ವ ಹೊಡೆದ ಅಜ್ಜಿಯರಿಗೆ ಹೇಳಿದ್ದೀನಿ. ಅವರ ಕೈ ಯಾಕೆ ಮುಚ್ಚಿದೆ ಅಂತ ಒಂದು ದಿನವೂ ಕೇಳಿಲ್ಲ. ಆಧಾರ್ ದೃಢೀಕರಣಕ್ಕೆ ಬೆರಳೇ ಆಗಬೇಕು ಅಂತಿಲ್ಲ. ಕಣ್ಣಿನ ಪಾಪೆ, ಮುಖ, ಮೊಬೈಲಿಗೆ ಬರೋ ಒಟಿಪಿ, ಬೇರೆ ದಾರಿಗಳಿವೆ. ಕೌಂಟರಿನವರು ಮನಸ್ಸು ಮಾಡಬೇಕು ಅಷ್ಟೇ. ಹೋದ ತಿಂಗಳು ಒಬ್ಬ ಅಜ್ಜಿ ಬಂದಿತ್ತು, ಲಕ್ವ ಹೊಡೆದು ಎಡಗೈ ಮುಷ್ಟಿ. ನಾನು ಎದ್ದು ಹೊರಗೆ ಹೋಗಿ ಪಕ್ಕದಲ್ಲಿ ಕೂತು ಮಣಿಕಟ್ಟು ಬಾಗಿಸಿ ನಿಧಾನಕ್ಕೆ ಬಿಡಿಸಿದೆ. ಅಂಗೈ ತುಂಬಾ ಕೊಳೆ, ಒಂದು ಉಗುರು ಒಳಕ್ಕೆ ಹೋಗಿತ್ತು. ಅಜ್ಜಿ ಅಂದದ್ದು: "ಮುಟ್ಬ್ಯಾಡ ಬುಡು ಮಗ, ನಾವು ಕೇರಿಯೋರು." ನಾನೂ ಕೇರಿಯೋನೇ ಕಣಜ್ಜಿ ಅಂದೆ. ಆಮೇಲೆ ಇಬ್ಬರಿಗೂ ಏನು ಮಾತಾಡಬೇಕು ಅಂತ ಗೊತ್ತಾಗಲಿಲ್ಲ.

ಮುಟ್ಟಿಸಿಕೊಳ್ಳದ ಜನ ನಾವು. ನಮ್ಮನ್ನು ಮುಟ್ಟಬಾರದು ಅಂತ ಸಾವಿರಾರು ವರ್ಷ ಹೇಳಿದ ಸಮಾಜ ಇದು. ಈ ಕಾಯಿಲೆಗೆ ಇರೋ ಮೊದಲ ಔಷಧಿಯೇ ಮುಟ್ಟೋದು, ದಿನಾ, ಗಂಟೆಗಟ್ಟಲೆ, ಅವಸರ ಇಲ್ಲದೆ. ಅದಕ್ಕೇ ಇದು ಮನೆ ಸಮಸ್ಯೆ ಮಾತ್ರ ಅಲ್ಲ, ನಮ್ಮ ಚಳವಳಿ ವಿಷಯ ಅಂತ ನಾನು ಹೇಳೋದು. ಬಿಗಿ ಇಳಿಸೋ ಬೊಟುಲಿನಮ್ ಇಂಜೆಕ್ಷನ್ ಇದೆ, ಕೆಲಸ ಸುಮಾರು ಮೂರು ತಿಂಗಳು ಮಾಡುತ್ತೆ. ಒಂದು ಸಲಕ್ಕೆ ನನ್ನ ಸಂಬಳದ ಅರ್ಧಕ್ಕಿಂತ ಹೆಚ್ಚು ಹೋಯ್ತು. ಒಂದೇ ಸಲ ಹಾಕಿಸೋಕಾಯ್ತು. ಬ್ಯಾಕ್ಲೋಫೆನ್ನನ್ನೇ ಬೆನ್ನುಹುರಿ ಹತ್ತಿರ ಬಿಡೋ ಪಂಪು ಕೂಡ ಇದೆಯಂತೆ, ಅದರ ರೇಟ್ ಕೇಳೋಕೇ ಹೋಗಲಿಲ್ಲ. ದುಡ್ಡಿದ್ದವರ ಮೈಗೆ ಒಂದು ಚಿಕಿತ್ಸೆ, ಸಾರುವೆ ಹತ್ತೋರ ಮೈಗೆ ಬಿಸಿ ಉಪ್ಪಿನ ಗಂಟು. ಬೀಳೋರು ಯಾರು, ಸಾರುವೆ ಮೇಲಿರೋರು ಯಾರು ಅಂತ ನಿಮಗೆ ನಾನು ಹೇಳಬೇಕಾ?

ನಮ್ಮ ಬೇಡಿಕೆ ಇವು. ಮುಂದಿನ ಸಭೇಲಿ ನಿರ್ಣಯ ಮಾಡಿ ಅಂತ ಕೇಳ್ತೀನಿ:

1. ತಲೆಗೆ ಪೆಟ್ಟು ಬಿದ್ದವರನ್ನು ಡಿಸ್ಚಾರ್ಜ್ ಮಾಡೋ ಮುಂಚೆ ಮನೆಯ ಇಬ್ಬರಿಗಾದರೂ ಕೈಹಿಡಿದು ಕಲಿಸಬೇಕು. ಕನ್ನಡದಲ್ಲಿ, ಚಿತ್ರ ಹಾಕಿ, ಒಂದು ಹಾಳೆ ಕೊಡಬೇಕು. ಇದಕ್ಕೆ ಖರ್ಚಾಗೋದು ಒಂದು ಜೆರಾಕ್ಸ್ ದುಡ್ಡು.

2. ಪ್ರತಿ ತಾಲೂಕು ಆಸ್ಪತ್ರೇಲಿ ಫಿಜಿಯೋಥೆರಪಿಸ್ಟ್ ಹುದ್ದೆ ಖಾಲಿ ಬಿಡಬಾರದು, ಬ್ಯಾಕ್ಲೋಫೆನ್ ಸ್ಟಾಕ್ ಖಾಲಿ ಆಗಬಾರದು. ಬೊಟುಲಿನಮ್ ಇಂಜೆಕ್ಷನ್ ಜಿಲ್ಲಾ ಆಸ್ಪತ್ರೇಲಿ ಉಚಿತವಾಗಿ ಸಿಗಬೇಕು.

3. ಕಾಯಿದೆಯ ಪಟ್ಟಿಗೆ ಮೆದುಳಿನ ಪೆಟ್ಟು ಅದರದೇ ಹೆಸರಲ್ಲಿ ಸೇರಬೇಕು. 24ನೇ ಸೆಕ್ಷನ್ನಿನ ಆರೈಕೆದಾರರ ಭತ್ಯೆ ಈ ಮನೆಗಳಿಗೆ ಬರಬೇಕು, ಆರೈಕೆ ಮಾಡೋಳ ಖಾತೆಗೇ ಬರಬೇಕು.

4. ಗ್ರಾಮ ಪಂಚಾಯಿತಿ ಸ್ವಂತ ಆದಾಯದ ಶೇ 5 ವಿಕಲಚೇತನರಿಗೆ ಖರ್ಚಾಗಬೇಕು ಅಂತ ಇದೆ. ನಿಮ್ಮ ಪಂಚಾಯಿತೀಲಿ ಹೋದ ವರ್ಷ ಅದು ಏನಾಯ್ತು ಅಂತ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ. ಸ್ಪ್ಲಿಂಟು, ವಾಟರ್ ಬೆಡ್, ಸರಿಯಾದ ಅಳತೆಯ ವೀಲ್‌ಚೇರ್ ಅದರಲ್ಲೇ ಬರಬಹುದು. ಅರ್ಜಿ ನಮೂನೆ ನಾನು ಬರೆದುಕೊಡ್ತೀನಿ. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ತಿಳ್ಕೊಳ್ಳಿ, ಅವರನ್ನು ಆ ಮನೆಗೆ ಕರ್ಕೊಂಡು ಹೋಗಿ.

5. ಕಟ್ಟಡ ಕೆಲಸ ಮಾಡೋ ಹುಡುಗರು ಕಲ್ಯಾಣ ಮಂಡಳೀಲಿ ನೋಂದಣಿ ಮಾಡಿಸಿ, ನವೀಕರಣ ಮಾಡಿಸಿ. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಆಗುತ್ತೆ. ನನ್ನ ತಮ್ಮನ ಕಾರ್ಡ್ ಅವಧಿ ಮುಗಿದಿತ್ತು. ಊರವರ ಅರ್ಜಿಯೆಲ್ಲ ಬರೆಯೋ ನಾನು ಅವನದ್ದು ನೋಡಿರಲಿಲ್ಲ.

6. ಕೊನೇದು ಸರ್ಕಾರಕ್ಕಲ್ಲ, ನಮಗೆ. ನಮ್ಮ ತಾಲೂಕಲ್ಲಿ ಇಂಥ ಎಷ್ಟು ಮನೆ ಇದೆ ಅಂತ ಪಟ್ಟಿ ಮಾಡೋಣ. ವಾರಕ್ಕೆ ಎರಡು ಗಂಟೆ ಸಂಘಟನೆಯ ಇಬ್ಬರು ಒಂದು ಮನೆಗೆ ಹೋಗೋಣ. ಮೊದಲು ಕಲಿತುಕೊಂಡು, ಆಮೇಲೆ ಆ ಎರಡು ಗಂಟೆ ನಾವು ನೋಡ್ಕೊಳ್ಳೋಣ, ಆ ಹೆಣ್ಣುಮಗಳು ಎಲ್ಲಿಗಾದರೂ ಹೋಗಿಬರಲಿ. ನಿದ್ದೆಯಾದರೂ ಮಾಡಲಿ. ಬ್ಯಾನರ್ ಬೇಡ, ಫೋಟೋ ಬೇಡ. ಗಂಡಸರು ಹೋಗಬೇಕು ಅಂತ ವಿಶೇಷವಾಗಿ ಕೇಳ್ತೀನಿ.

ನನ್ನ ತಮ್ಮ ಹೆಂಗಿದ್ದಾನೆ ಅಂತ ಕೆಲವರು ಕೇಳ್ತೀರಿ. ನಡೆಯಲ್ಲ. ನಾಲ್ಕೈದು ಮಾತು ಬಂದಿದೆ. ಎಡಗೈಯಲ್ಲಿ ಚಮಚ ಹಿಡೀತಾನೆ, ಅರ್ಧ ಮೈಮೇಲೆ ಬೀಳುತ್ತೆ. ಬಲಗೈ ಬೆಳಿಗ್ಗೆ ಮುಚ್ಚಿರುತ್ತೆ, ಸಂಜೆ ಅರ್ಧ ಬಿಚ್ಚುತ್ತೆ, ಮಾರನೇ ಬೆಳಿಗ್ಗೆ ಮತ್ತೆ ಮುಚ್ಚಿರುತ್ತೆ. ಮತ್ತೆ ಬಿಚ್ಚುತ್ತೀವಿ. ಇದರಲ್ಲಿ ಗೆಲುವು ಅಂತ ಫೋಟೋ ಹಾಕೋ ದಿನ ಬರಲ್ಲ. ಅಂಗೈ ಕ್ಲೀನಾಗಿದೆ, ಹುಣ್ಣಿಲ್ಲ, ನೋವಿಲ್ಲದೆ ನಿದ್ದೆ ಮಾಡಿದ, ಅಷ್ಟೇ ಲೆಕ್ಕ.

ಮೂರು ವರ್ಷದ ಹಿಂದೆ ನಾನು ಹಾಕಿದ್ದ ಆ ಮುಷ್ಟಿಯ ಫೋಟೋ ಇವತ್ತು ಡಿಲೀಟ್ ಮಾಡಿದೆ. ಲೈಕ್ ಕೊಟ್ಟವರು ಬೇಜಾರು ಮಾಡ್ಕೋಬೇಡಿ.

ಸಭೇಲಿ ಜೋಕ್ ಮಾಡಿದ ತಮ್ಮನಿಗೆ: ಮುಂದಿನ ಭಾನುವಾರ ಸಭೆ ಮುಗಿಸ್ಕೊಂಡು ನೀನೂ ನನ್ನ ಜೊತೆ ಬೈಕಲ್ಲಿ ಬಾರಪ್ಪ. ಆರಕ್ಕೆ ಶುರು ಮಾಡ್ತೀವಿ. ಕೈ ಬಿಸಿ ನೀರಲ್ಲಿ ತೊಳ್ಕೊಂಡು, ಉಗುರು ಕತ್ತರಿಸ್ಕೊಂಡು ಬಾ. ಹೆಂಗೆ ಮಾಡೋದು ಅಂತ ನನ್ನ ತಮ್ಮನ ಮಗಳು ಹೇಳಿಕೊಡ್ತಾಳೆ.

ಜೈ ಭೀಮ್.

(ಬೇಕಾದವರು ಶೇರ್ ಮಾಡಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥವರಿದ್ದರೆ ಕಾಮೆಂಟಲ್ಲಿ ಊರಿನ ಹೆಸರು ಮಾತ್ರ ಬರೀರಿ, ಅವರ ಹೆಸರು, ಫೋಟೋ ಹಾಕಬೇಡಿ. ನಾನೇ ಇನ್‌ಬಾಕ್ಸಿಗೆ ಬರ್ತೀನಿ.)